ಸೀಲಿಂಗ್ ಲೈಟ್‌ಗೆ ಜಾಗ ಬೇಕೆಂದು ಚಿಮ್ನಿ ಡಕ್ಟ್ ಸರಿಸಿದ ಬಗೆ

ನಮ್ಮತ್ತೆಗೆ 78 ವರ್ಷ. ಈಗಲೂ ಮನೆಯಲ್ಲಿ ಅಕ್ಕಿ ಆರಿಸುವುದು ಅವರೇ. ಊಟದ ಮೇಜಿನ ಮೇಲೆ ಮೊರ ಇಟ್ಟುಕೊಂಡು ಕೂರುತ್ತಾರೆ. ಅವರ ಹಿಂದಿನ ಗೋಡೆಯಲ್ಲಿ ಒಂದು ಟ್ಯೂಬ್‌ಲೈಟ್ ಇತ್ತು. ಬೆಳಕು ಬೆನ್ನಿಗೆ ಬೀಳುತ್ತಿತ್ತು, ಮೊರದ ಮೇಲೆ ಅವರದೇ ನೆರಳು. ಒಂದು ಮಧ್ಯಾಹ್ನ ಅನ್ನದಲ್ಲಿ ಕಲ್ಲು ಸಿಕ್ಕಿತು. "ನನ್ನ ಕಣ್ಣು ಹೋಯ್ತು ಕಣೇ, ಇನ್ಮೇಲೆ ನೀನೇ ಆರಿಸ್ಕೋ" ಎಂದು ಬೇಜಾರು ಮಾಡಿಕೊಂಡರು. ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ ಬಂದೆವು. ಕಣ್ಣು ಚೆನ್ನಾಗಿಯೇ ಇತ್ತು. ಸರಿಯಿಲ್ಲದ್ದು ಬೆಳಕು.

ಹಾಗಾಗಿ ಊಟದ ಹಾಲ್‌ನ ಫಾಲ್ಸ್ ಸೀಲಿಂಗ್ ಒಳಗೆ ಆರು ಲೈಟ್ ಕೂರಿಸೋಣ ಎಂದುಕೊಂಡೆವು. ಎಲೆಕ್ಟ್ರಿಷಿಯನ್ ಬಂದು ಮೊದಲ ತೂತು ಕೊರೆದ. ಒಳಗೆ ಕೈ ಹಾಕಿ ನೋಡಿದ. "ಮೇಡಂ, ಇಲ್ಲಿ ಚಿಮ್ನಿ ಪೈಪ್ ಮಲಗಿದೆ. ಸ್ವಲ್ಪ ಅದುಮಿ ಲೈಟ್ ಕೂರಿಸಿಬಿಡ್ಲಾ?" ಎಂದ.

ಬೇಡ ಎಂದೆ. ಈ ಬರಹ ಇರುವುದೇ ಆ "ಅದುಮಿ" ಅನ್ನುವ ಮಾತಿಗಾಗಿ. ಲೈಟ್ ಎಲ್ಲರ ಕಣ್ಣಿಗೆ ಕಾಣುತ್ತದೆ, ಡಕ್ಟ್, ಅಂದರೆ ಚಿಮ್ನಿಯ ಹೊಗೆಯನ್ನು ಹೊರಗೆ ಒಯ್ಯುವ ಪೈಪ್, ಯಾರಿಗೂ ಕಾಣುವುದಿಲ್ಲ. ಜಾಗ ಸಾಲದೆ ಬಂದಾಗ ಪ್ರತಿ ಸಲ ಪೆಟ್ಟು ಬೀಳುವುದು ಡಕ್ಟ್‌ಗೇ. ನಾನು ಐಟಿಐನಲ್ಲಿ ಡ್ರಾಫ್ಟ್ಸ್‌ಮನ್ ಸಿವಿಲ್ ಓದಿದವಳು. 22 ವರ್ಷ ಮೈಸೂರಿನಲ್ಲೇ ಒಬ್ಬ ಎಂಜಿನಿಯರ್ ಆಫೀಸಿನಲ್ಲಿ ಮನೆ ಪ್ಲ್ಯಾನ್ ಬರೆದಿದ್ದೇನೆ. ಕುವೆಂಪುನಗರದ ನಮ್ಮ ಮನೆಯಲ್ಲಿ ಈ ಕೆಲಸವನ್ನು ಹೇಗೆ ಮಾಡಿದೆವು ಅನ್ನುವುದನ್ನು ಅಳತೆ ಸಮೇತ ಹೇಳುತ್ತೇನೆ. ನಿಮ್ಮ ಮನೆಯ ಅಳತೆ ಬೇರೆ ಇರುತ್ತದೆ, ಲೆಕ್ಕ ಹಾಕುವ ದಾರಿ ಇದೇ.

ಮೊದಲು ತೆರೆದು ನೋಡಿ

ತೂತಿನಿಂದ ಮೊಬೈಲ್ ತೂರಿಸಿ ವಿಡಿಯೋ ತೆಗೆದರೆ ಅರ್ಧ ವಿಷಯ ಗೊತ್ತಾಗುತ್ತದೆ. ಆದರೆ ಡಕ್ಟ್ ಸರಿಸುವುದೇ ಆದರೆ ಒಂದು ಸಾಲು ಬೋರ್ಡ್ ಬಿಚ್ಚಲೇಬೇಕು. ನಾವು ದಕ್ಷಿಣದ ಗೋಡೆ ಪಕ್ಕದ ಬೋರ್ಡ್‌ಗಳನ್ನೂ ನಡುವಿನ ಎರಡು ಬೋರ್ಡ್‌ಗಳನ್ನೂ ಬಿಚ್ಚಿಸಿದೆವು. ಮೇಲಿನಿಂದ ವರ್ಷಗಳ ಧೂಳು ಬೀಳುತ್ತದೆ, ಇಲಿ ಹಿಕ್ಕೆಯೂ ಇರಬಹುದು. ಮಾಸ್ಕ್, ಕನ್ನಡಕ, ಕೈಗವಸು ಹಾಕಿಕೊಳ್ಳಿ. ಮೇಜು ಕುರ್ಚಿ ಹೊರಗಿಡಿ. ದೇವರ ಕೋಣೆ ಪಕ್ಕದಲ್ಲೇ ಇದ್ದರೆ ಬಾಗಿಲಿಗೆ ಒದ್ದೆ ಬಟ್ಟೆ ಕಟ್ಟಿ.

ತೆರೆದ ಮೇಲೆ ನಮಗೆ ಕಂಡದ್ದು ಇದು. ಚಿಮ್ನಿ ಇರುವುದು ಅಡುಗೆಮನೆಗೂ ಊಟದ ಹಾಲ್‌ಗೂ ನಡುವಿನ ಗೋಡೆಯಲ್ಲಿ, ದಕ್ಷಿಣದ ಮೂಲೆ ಕಡೆಗೆ. ಅಲ್ಲಿಂದ 6 ಇಂಚಿನ ಅಲ್ಯೂಮಿನಿಯಂ ಸುರುಳಿ ಪೈಪ್ ಗೋಡೆ ದಾಟಿ ಹಾಲ್‌ನ ಮಧ್ಯಕ್ಕೆ ಓರೆಯಾಗಿ ಬಂದು, ಒಂದು ಬೀಮ್ ಕೆಳಗೆ ನುಸುಳಿ, ಪಶ್ಚಿಮದ ಗೋಡೆಯ ನಡುವಿನಿಂದ ಹೊರಗೆ ಹೋಗಿತ್ತು. ಮೂರು ಕಡೆ ತಿರುವು. ನಡುನಡುವೆ ಜೋತುಬಿದ್ದು, ಸೀಲಿಂಗ್ ಬೋರ್ಡ್ ಹಿಡಿದಿರುವ ಜಿಐ (ಸತು ಲೇಪಿಸಿದ ಕಬ್ಬಿಣದ) ಪಟ್ಟಿಗಳ ಮೇಲೆ ಮಲಗಿತ್ತು. ಬೀಮ್ ಕೆಳಗಂತೂ ಹಾಕಿದವರು ಬೈಂಡಿಂಗ್ ವೈರ್‌ನಲ್ಲಿ ಬಿಗಿದು ಕಟ್ಟಿದ್ದರು. ಆ ಜಾಗದಲ್ಲಿ ಪೈಪಿನ ಎತ್ತರ ಅಳೆದೆ. 2 ಇಂಚು.

ಇದರ ಲೆಕ್ಕ ನೋಡಿ. 6 ಇಂಚಿನ ಗುಂಡು ಪೈಪಿನ ಬಾಯಿ ಸುಮಾರು 28 ಚದರ ಇಂಚು. ಅದನ್ನೇ 2 ಇಂಚಿಗೆ ಚಪ್ಪಟೆ ಮಾಡಿದರೆ ಉಳಿಯುವುದು 16ಕ್ಕಿಂತ ಕಡಿಮೆ. ಸುಮಾರು ಅರ್ಧ ಬಾಯಿ ಮುಚ್ಚಿದ ಹಾಗೆ. ನಾಲ್ಕು ವರ್ಷದಿಂದ ಒಗ್ಗರಣೆ ಹಾಕಿದಾಗೆಲ್ಲ ಹಾಲ್‌ನಲ್ಲಿ ಕೂತವರು ಕೆಮ್ಮುತ್ತಿದ್ದದ್ದು ಯಾಕೆ ಎಂದು ನನಗೆ ಆವತ್ತು ಗೊತ್ತಾಯಿತು. ಚಿಮ್ನಿ ಮೋಟಾರ್ ಕೆಟ್ಟಿದೆ ಎಂದು ಎರಡು ಸಲ ರಿಪೇರಿಗೆ ದುಡ್ಡು ಕೊಟ್ಟಿದ್ದೆವು. ಮೋಟಾರ್ ಪಾಪ ಚೆನ್ನಾಗಿಯೇ ಇತ್ತು.

ಅದಕ್ಕೇ ಹೇಳುವುದು. ಲೈಟ್‌ಗೋಸ್ಕರ ಸೀಲಿಂಗ್ ಬಿಚ್ಚುತ್ತೀರಾದರೆ, ಡಕ್ಟ್ ಹೇಗಿದೆ ಎಂದು ಉದ್ದಕ್ಕೂ ನೋಡಿಬಿಡಿ. ಮತ್ತೆ ಬಿಚ್ಚುವ ಅವಕಾಶ ಹತ್ತು ವರ್ಷ ಸಿಗುವುದಿಲ್ಲ.

ಡಕ್ಟ್ ಇಲ್ಲಿ ಬರಲೇಬೇಕಾ?

ಹೊಸ ದಾರಿ ಹುಡುಕುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಹೊರಗೋಡೆಯಿಂದಲೇ, ಹಳೆಯ ವೆಂಟಿಲೇಟರ್ ಜಾಗದಿಂದಲೇ ಪೈಪ್ ಹೊರಗೆ ಬಿಡಬಹುದು. ಅದಾದರೆ ಹಾಲ್‌ನ ಸೀಲಿಂಗ್ ಪೂರ್ತಿ ಖಾಲಿ. ಎಲ್ಲಕ್ಕಿಂತ ಒಳ್ಳೆಯ ದಾರಿ ಅದೇ.

ನಮ್ಮಲ್ಲಿ ಆಗಲಿಲ್ಲ. ಅಡುಗೆಮನೆಯ ದಕ್ಷಿಣದ ಗೋಡೆಯಿಂದ ಮೂರೇ ಅಡಿ ದೂರಕ್ಕೆ ಪಕ್ಕದ ಮನೆಯವರ ಮಲಗುವ ಕೋಣೆಯ ಕಿಟಕಿ. ಆ ಮನೆಯಲ್ಲಿ ಒಂದು ಪುಟ್ಟ ಮಗು ಇದೆ. ನಮ್ಮ ಮೆಣಸಿನಕಾಯಿ ಘಾಟು ಅವರ ತೊಟ್ಟಿಲಿಗೆ ಹೋಗುವುದು ಬೇಡ ಎಂದು ನಾನೂ ನಮ್ಮವರೂ ಒಂದೇ ಮಾತಿಗೆ ಒಪ್ಪಿದೆವು. ಪೂರ್ವಕ್ಕೆ ಪೋರ್ಟಿಕೋ. ಹಾಗಾಗಿ ಪಶ್ಚಿಮದ ಹಿತ್ತಲಿಗೇ ಹೋಗಬೇಕು, ಹಾಲ್ ದಾಟಿಯೇ ಹೋಗಬೇಕು.

ಹೊಗೆ ಬಿಡಲು ಜಾಗ ಹುಡುಕುವಾಗ ಇನ್ನೊಂದು ಆಸೆ ಬರುತ್ತದೆ. ಸ್ನಾನದ ಮನೆಯ ಎಕ್ಸಾಸ್ಟ್ ಪೈಪ್ ಹತ್ತಿರದಲ್ಲೇ ಇದೆ, ಅದಕ್ಕೇ ಸೇರಿಸಿಬಿಡೋಣ ಅನ್ನಿಸುತ್ತದೆ. ಸೇರಿಸಬೇಡಿ. ಗ್ಯಾಸ್ ಗೀಸರ್ ಪೈಪಿಗಂತೂ ಯಾವ ಕಾರಣಕ್ಕೂ ಸೇರಿಸಬೇಡಿ. ಗ್ಯಾಸ್ ಸರಿಯಾಗಿ ಉರಿಯದಿದ್ದಾಗ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಪೈಪ್ ಬೇರೆ ಬೇರೆ ಇದ್ದರೂ ಒಂದು ಎಚ್ಚರಿಕೆ ಬೇಕು. ಕಿಟಕಿ ಬಾಗಿಲು ಎಲ್ಲ ಮುಚ್ಚಿ ಜೋರು ಚಿಮ್ನಿ ಹಾಕಿದರೆ, ಅದು ಮನೆಯ ಗಾಳಿಯನ್ನೆಲ್ಲ ಎಳೆಯುತ್ತದೆ. ಆ ಎಳೆತಕ್ಕೆ ಗೀಸರ್‌ನ ಹೊಗೆ ಹೊರಗೆ ಹೋಗದೆ ಮನೆಯೊಳಗೇ ತಿರುಗಬಹುದು. ಚಿಮ್ನಿ ಹಾಕಿದಾಗ ಒಂದು ಕಿಟಕಿ ತೆರೆದಿರಲಿ. ಚಿಮ್ನಿಯೂ ಚೆನ್ನಾಗಿ ಎಳೆಯುತ್ತದೆ. ಹೊರಗೆ ಹೋಗುವಷ್ಟು ಗಾಳಿ ಒಳಗೂ ಬರಬೇಕಲ್ವಾ?

ನೆಲದ ಮೇಲೆ ಸೀಲಿಂಗ್ ಬರೆಯುವುದು

ನಾನು ಆಫೀಸಿನಲ್ಲಿ ಕಲಿತ ಅಭ್ಯಾಸ ಇದು. ಸೀಲಿಂಗ್‌ನಲ್ಲಿ ಏನೇನಿದೆಯೋ ಅದನ್ನೆಲ್ಲ ಕೆಳಗಿನ ನೆಲದ ಮೇಲೆ ಅದೇ ಜಾಗದಲ್ಲಿ ಬರೆಯುವುದು. ಸೀಮೆಸುಣ್ಣ ಸಾಕು. ನಾನು ಡಕ್ಟ್‌ಗೆ ಬಿಳಿ ರಂಗೋಲಿ ಪುಡಿ, ಲೈಟ್‌ಗೆ ಅರಿಸಿನ ಬಣ್ಣದ ಪುಡಿ, ಬೀಮ್‌ಗೆ ಕೆಂಪು ಹಾಕಿದೆ. ಮನೆಯವರೆಲ್ಲ ಸುತ್ತ ನಿಂತು ನೋಡಿದರು. ಕಾಗದದ ಮೇಲಿನ ಪ್ಲ್ಯಾನ್ ಎಲ್ಲರಿಗೂ ಅರ್ಥವಾಗುವುದಿಲ್ಲ, ರಂಗೋಲಿ ಅರ್ಥವಾಗುತ್ತದೆ. ಅತ್ತೆ ಅಲ್ಲೇ ಕುರ್ಚಿ ಎಳೆದು ಕೂತು, "ನಾನು ಕೂರೋದು ಇಲ್ಲಿ, ನನಗೆ ಇಲ್ಲಿ ಬೆಳಕು ಬೇಕು" ಎಂದು ತೋರಿಸಿದರು. ಅದಕ್ಕಿಂತ ಒಳ್ಳೆಯ ಅಳತೆ ಇನ್ನೊಂದಿಲ್ಲ.

ನಮ್ಮ ಹಾಲ್ 14 ಅಡಿ ಉದ್ದ, 11 ಅಡಿ ಅಗಲ. ಎರಡು ಸಾಲು, ಸಾಲಿಗೆ ಮೂರು ಲೈಟ್. ಗೋಡೆಯಿಂದ ಮೊದಲ ಲೈಟ್‌ಗೆ ಇರುವ ದೂರ ಎರಡು ಲೈಟ್‌ಗಳ ನಡುವಿನ ದೂರದ ಅರ್ಧ ಇರಬೇಕು. ಆಗ ಬೆಳಕು ಎಲ್ಲ ಕಡೆ ಸಮನಾಗಿ ಬೀಳುತ್ತದೆ. 11 ಅಡಿಯಲ್ಲಿ ಎರಡು ಸಾಲು ಅಂದರೆ ಗೋಡೆಯಿಂದ 2 ಅಡಿ 9 ಇಂಚಿಗೆ ಒಂದು, ಅಲ್ಲಿಂದ ಐದೂವರೆ ಅಡಿಗೆ ಇನ್ನೊಂದು. 14 ಅಡಿಯಲ್ಲಿ ಮೂರು ಅಂದರೆ 2 ಅಡಿ 4 ಇಂಚು, 7 ಅಡಿ, 11 ಅಡಿ 8 ಇಂಚು.

ಫ್ಯಾನ್ ಮರೆಯಬೇಡಿ. ರೆಕ್ಕೆಯ ಮೇಲೆ ಲೈಟ್ ಬಂದರೆ ನೆರಳು ಪಟಪಟ ಎಂದು ಓಡುತ್ತಿರುತ್ತದೆ, ತಲೆನೋವು ಬರುತ್ತದೆ. ನಮ್ಮದು 48 ಇಂಚಿನ ಫ್ಯಾನ್, ಅಂದರೆ ನಡುವಿನಿಂದ ರೆಕ್ಕೆಯ ತುದಿಗೆ 2 ಅಡಿ. ಹತ್ತಿರದ ಲೈಟ್ 2 ಅಡಿ 9 ಇಂಚು ದೂರದಲ್ಲಿದೆ. ಪರವಾಗಿಲ್ಲ.

ನೆಲದ ಗುರುತನ್ನು ಮೇಲಕ್ಕೆ ಒಯ್ಯಲು ಲೇಸರ್ ಇದ್ದರೆ ಸುಲಭ. ಇಲ್ಲದಿದ್ದರೆ ಗಾರೆಯವರ ಹತ್ತಿರ ಇರುವ ದಾರಕ್ಕೆ ಕಟ್ಟಿದ ಗುಂಡು ಸಾಕು. ಮೇಲೊಬ್ಬರು ದಾರ ಹಿಡಿಯಬೇಕು, ಗುಂಡಿನ ತುದಿ ನೆಲದ ಗುರುತಿಗೆ ಸರಿಯಾಗಿ ನಿಲ್ಲುವ ತನಕ ಕೆಳಗಿನವರು ಹೇಳುತ್ತಿರಬೇಕು. ಬಿಚ್ಚದೆ ಉಳಿದ ಬೋರ್ಡ್‌ಗಳ ಮೇಲೆ ಜಿಐ ಪಟ್ಟಿ ಎಲ್ಲಿದೆ ಎಂದು ತಿಳಿಯಲು ಫ್ರಿಜ್ ಮೇಲೆ ಅಂಟಿಸುವ ಅಯಸ್ಕಾಂತ ತೆಗೆದುಕೊಳ್ಳಿ. ಬೋರ್ಡ್ ಮೇಲೆ ಆಡಿಸುತ್ತಾ ಹೋದರೆ ಸ್ಕ್ರೂ ಇರುವ ಕಡೆ ಟಕ್ಕೆಂದು ಕಚ್ಚುತ್ತದೆ. ಸ್ಕ್ರೂ ಸಾಲು ಇದ್ದ ಕಡೆ ಪಟ್ಟಿ ಇದೆ, ಅಲ್ಲಿ ತೂತು ಕೊರೆಯಬಾರದು. ಸಾಮಾನ್ಯವಾಗಿ ಬೋರ್ಡ್ ಹಿಡಿದ ಪಟ್ಟಿಗಳು ಒಂದೂವರೆ ಅಡಿಗೊಂದು, ಅವುಗಳ ಮೇಲಿನ ಅಡ್ಡ ಪಟ್ಟಿಗಳು ನಾಲ್ಕು ಅಡಿಗೊಂದು ಇರುತ್ತವೆ.

ಎತ್ತರದ ಲೆಕ್ಕ

ಇಡೀ ಕೆಲಸ ನಿಂತಿರುವುದು ಇದರ ಮೇಲೆ. ನಿಧಾನವಾಗಿ ಮಾಡಿ.

ನಮ್ಮ ಮೌಲ್ಡ್ (ಕಾಂಕ್ರೀಟ್ ಛಾವಣಿ) ನೆಲದಿಂದ 10 ಅಡಿ. ಫಾಲ್ಸ್ ಸೀಲಿಂಗ್ 9 ಅಡಿ. ನಡುವೆ 12 ಇಂಚು ಖಾಲಿ. ಬೋರ್ಡ್ ಮೇಲೆ ಎರಡು ಥರದ ಜಿಐ ಪಟ್ಟಿ ಸೇರಿ ಸುಮಾರು 3 ಇಂಚು ತಿನ್ನುತ್ತದೆ. ಉಳಿದದ್ದು 9. ಅದರಲ್ಲಿ 6 ಇಂಚಿನ ಪೈಪ್ ಆರಾಮಾಗಿ ಹೋಗುತ್ತದೆ. ಆದರೆ ಪೈಪ್ ಪಟ್ಟಿಯ ಮೇಲೆ ಮಲಗಿದರೆ ಅದರ ಹೊಟ್ಟೆ ಬೋರ್ಡ್‌ನಿಂದ 3 ಇಂಚಿಗೇ ಬರುತ್ತದೆ. ನಮ್ಮ ಲೈಟ್‌ನ ಆಳವೇ 3 ಇಂಚು. ಅದರ ಬೆನ್ನಿನ ಬಿಸಿ ಆರಲು ಮೇಲೆ ಇನ್ನೆರಡು ಇಂಚಾದರೂ ಗಾಳಿ ಬೇಕು. ಲೈಟ್‌ಗೆ ಕರೆಂಟನ್ನು ಹದ ಮಾಡಿ ಕೊಡುವ ಡ್ರೈವರ್ ಪೆಟ್ಟಿಗೆಗೂ ಜಾಗ ಬೇಕು. ಎಲ್ಇಡಿ ಕೆಡುವುದಕ್ಕೆ ಬಿಸಿ ದೊಡ್ಡ ಕಾರಣ. ಜಿಡ್ಡು ಹೊತ್ತ ಬಿಸಿ ಗಾಳಿಯ ಪೈಪ್ ಅದರ ತಲೆಯ ಮೇಲೆ ಕೂತರೆ ಎರಡಕ್ಕೂ ಒಳ್ಳೆಯದಲ್ಲ.

ಇಷ್ಟಕ್ಕೇ ನಿಂತಿದ್ದರೆ ತೆಳ್ಳಗಿನ ಪ್ಯಾನೆಲ್ ಲೈಟ್ ಹಾಕಿ ಕೆಲಸ ಮುಗಿಸಬಹುದಿತ್ತು. ಒಂದೂವರೆ ಇಂಚು ಆಳದವೂ ಸಿಗುತ್ತವೆ. ನಿಮ್ಮ ಡಕ್ಟ್ ಎಲ್ಲೂ ಅಮುಕಿಲ್ಲ, ನೇರವಾಗಿದೆ ಎಂದಾದರೆ ಅದನ್ನೇ ಮಾಡಿ. ಡಕ್ಟ್ ಮುಟ್ಟುವ ಗೋಜೇ ಬೇಡ. ಅಥವಾ ಲೈಟ್‌ಗಳನ್ನೇ ಆರು ಇಂಚು ಆಚೆ ಸರಿಸಿ, ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ತೊಂದರೆ ಬೀಮ್.

ಆ ಬೀಮ್ ಮೌಲ್ಡ್‌ನಿಂದ 5 ಇಂಚು ಕೆಳಗಿಳಿದಿದೆ. ಅದರ ಕೆಳಗೆ ಬೋರ್ಡ್‌ವರೆಗೆ 7 ಇಂಚು. ಪಟ್ಟಿಗೆ 3 ಹೋದರೆ ಉಳಿದದ್ದು 4. ಅದರೊಳಗೆ 6 ಇಂಚಿನ ಗುಂಡು ಪೈಪ್ ಹೋಗುವುದಿಲ್ಲ. ಹಾಗೆಂದು ಬೀಮ್‌ಗೆ ತೂತು ಹೊಡೆಯಬಾರದು. ಬೀಮ್‌ನ ಕೆಳಭಾಗದಲ್ಲಿರುವ ಕಂಬಿಗಳೇ ಭಾರ ಹೊರುವುದು. ಅದನ್ನು ಸ್ವಲ್ಪ ಕೆತ್ತುತ್ತೇವೆ ಅನ್ನುವವರನ್ನೂ ಮನೆಯೊಳಗೆ ಬಿಟ್ಟುಕೊಳ್ಳಬೇಡಿ.

ದಾರಿ ಇರುವುದು ಆಕಾರ ಬದಲಾಯಿಸುವುದರಲ್ಲಿ. ಗುಂಡು ಪೈಪನ್ನು ಅದುಮುವುದು ಬೇರೆ, ಮೊದಲೇ ಚಪ್ಪಟೆಯಾಗಿ ಮಾಡಿಸಿದ ಡಕ್ಟ್ ಹಾಕುವುದು ಬೇರೆ. ಅದುಮಿದರೆ ಸುತ್ತಳತೆ ಅಷ್ಟೇ ಇದ್ದು ಬಾಯಿ ಕಿರಿದಾಗುತ್ತದೆ. ಚಪ್ಪಟೆ ಡಕ್ಟ್‌ನಲ್ಲಿ ಎತ್ತರ ಕಳೆದದ್ದನ್ನು ಅಗಲದಲ್ಲಿ ತುಂಬಿಸುತ್ತೇವೆ. 6 ಇಂಚಿನ ಗುಂಡು ಪೈಪಿಗೆ ಹೆಚ್ಚುಕಮ್ಮಿ ಸಮನಾದದ್ದು 8 ಇಂಚು ಅಗಲ 4 ಇಂಚು ಎತ್ತರದ ಡಕ್ಟ್. ಎತ್ತರ 3 ಇಂಚೇ ಬೇಕೆಂದರೆ ಅಗಲ 11 ಇಂಚು. ಬಾಯಿಯ ಅಳತೆ ಗುಣಿಸಿ ನೋಡಿದರೆ 32, 33 ಚದರ ಇಂಚು ಬರುತ್ತದೆ, ಗುಂಡು ಪೈಪಿನ 28ಕ್ಕಿಂತ ಜಾಸ್ತಿ. ಅಷ್ಟು ಜಾಸ್ತಿ ಬೇಕೇ ಬೇಕು. ಚಪ್ಪಟೆ ಡಕ್ಟ್‌ನಲ್ಲಿ ಗಾಳಿ ಗೋಡೆಗೆ ಹೆಚ್ಚು ಉಜ್ಜುತ್ತದೆ, ಮೂಲೆಗಳಲ್ಲಿ ನಿಧಾನವಾಗುತ್ತದೆ.

4 ಇಂಚು ಜಾಗಕ್ಕೆ 4 ಇಂಚಿನ ಡಕ್ಟ್ ಹಾಕಿದರೆ ಮೇಲೂ ಕೆಳಗೂ ಉಸಿರಾಡಲು ಜಾಗವಿಲ್ಲ. ಬೀಮ್‌ನ ಗಾರೆಯೂ ಎಲ್ಲ ಕಡೆ ಒಂದೇ ಮಟ್ಟ ಇರುವುದಿಲ್ಲ. ಅದಕ್ಕೆ ನಾವು 11×3 ಆರಿಸಿಕೊಂಡೆವು.

ದಾರಿಯನ್ನೂ ಬದಲಾಯಿಸಿದೆವು. ಮಧ್ಯಕ್ಕೆ ಓರೆಯಾಗಿ ಹೋಗುವ ಬದಲು ಚಿಮ್ನಿಯಿಂದ ನೇರವಾಗಿ, ದಕ್ಷಿಣದ ಗೋಡೆಗೆ ಸಮಾನಾಂತರವಾಗಿ, ಪಶ್ಚಿಮಕ್ಕೆ. ಡಕ್ಟ್‌ನ ನಡು ಗೋಡೆಯಿಂದ 20 ಇಂಚು. ಅಂಚು ಸುಮಾರು 25 ಇಂಚಿಗೆ ಮುಗಿಯುತ್ತದೆ. ಲೈಟ್ ಸಾಲಿನ ನಡು 33 ಇಂಚಿಗೆ, ತೂತಿನ ಅಂಚು 31ಕ್ಕೆ. ನಡುವೆ ಐದು ಇಂಚಿಗೂ ಹೆಚ್ಚು ಖಾಲಿ. ಮೂರು ತಿರುವುಗಳಿದ್ದ ಕಡೆ ಈಗ ಒಂದೂ ಇಲ್ಲ, ಚಿಮ್ನಿಯ ಮೇಲಿನ ಬಾಗು ಒಂದೇ. ತಿರುವುಗಳ ಬಗ್ಗೆ ಜನ ತಲೆಕೆಡಿಸಿಕೊಳ್ಳುವುದಿಲ್ಲ. ಒಂದು ಚೂಪಾದ ತಿರುವು ಅಂದರೆ ಎಷ್ಟೋ ಅಡಿ ನೇರ ಪೈಪ್ ಹೆಚ್ಚು ಹಾಕಿದ ಹಾಗೆ. ತಿರುಗಿಸಲೇಬೇಕಾದರೆ ಒಮ್ಮೆಲೇ ತಿರುಗಿಸದೆ, ನಡುವೆ ಸ್ವಲ್ಪ ಜಾಗ ಬಿಟ್ಟು ಎರಡು ಅರ್ಧ ತಿರುವು ಕೊಡಿಸಿ.

ತಗಡಿನ ಕೆಲಸ

ಅಳತೆಯ ಚಿತ್ರ ಬರೆದುಕೊಂಡು ಮಂಡಿ ಮೊಹಲ್ಲಾ ಕಡೆಯ ಒಬ್ಬ ತಗಡು ಕೆಲಸದವರ ಹತ್ತಿರ ಹೋದೆ. 24 ಗೇಜ್ ಜಿಐ ತಗಡಿನಲ್ಲಿ ನಾಲ್ಕು ತುಂಡು ಮಾಡಿಕೊಟ್ಟರು. ಎರಡು ತುದಿಗೆ ಗುಂಡಿನಿಂದ ಚಪ್ಪಟೆಗೆ ಬರುವ ತುಂಡು ಬೇರೆ. ಈ ತುಂಡು ಗಿಡ್ಡ ಇರಬಾರದು. ಆಕಾರ ತಟ್ಟನೆ ಬದಲಾದರೆ ಗಾಳಿ ಅಲ್ಲೇ ಸುತ್ತುತ್ತದೆ, ಜಿಡ್ಡು ಅಲ್ಲೇ ಕೂರುತ್ತದೆ. ನಾನು ಒಂದೊಂದು ಅಡಿ ಉದ್ದ ಕೇಳಿದೆ. ಪ್ಲಾಸ್ಟಿಕ್ ಪೈಪ್ ಅಗ್ಗ, ಹಗುರ. ಆದರೆ ಅಡುಗೆಮನೆಯ ಜಿಡ್ಡಿನ ಹೊಗೆಗೆ ನಾನು ಲೋಹವನ್ನೇ ನಂಬುತ್ತೇನೆ. ಒಳಗೆ ಜಿಡ್ಡಿಗೆ ಬೆಂಕಿ ತಗುಲಿದರೆ ಪ್ಲಾಸ್ಟಿಕ್ ಕರಗಿ ಕೆಳಗೆ ಸುರಿಯುತ್ತದೆ. ಸುರುಳಿ ಪೈಪನ್ನೇ ಹಾಕುವುದಾದರೆ ಪೂರ್ತಿ ಎಳೆದು ಹಾಕಿ. ಅರ್ಧ ಎಳೆದ ಪೈಪಿನೊಳಗಿನ ಸುಕ್ಕು ಗಾಳಿಯನ್ನು ತಡೆಯುತ್ತದೆ, ಜಿಡ್ಡು ಹಿಡಿದಿಡುತ್ತದೆ. ಹೆಚ್ಚಾದದ್ದನ್ನು ಕತ್ತರಿಸಿ ಬಿಸಾಡಿ, ಸೀಲಿಂಗ್ ಒಳಗೆ ಸುತ್ತಿಡಬೇಡಿ.

ಒಂದು ತುಂಡನ್ನು ಇನ್ನೊಂದಕ್ಕೆ ಸೇರಿಸುವಾಗ ಯಾವುದು ಒಳಗೆ, ಯಾವುದು ಹೊರಗೆ ಎಂದು ನೋಡಿ. ಚಿಮ್ನಿ ಕಡೆಯ ತುಂಡಿನ ತುದಿ ಮುಂದಿನ ತುಂಡಿನ ಒಳಗೆ ಹೋಗಬೇಕು. ಆಗ ಹರಿದ ಜಿಡ್ಡು ಸಂದಿಯಿಂದ ಸೋರುವುದಿಲ್ಲ. ಉಲ್ಟಾ ಹಾಕಿದರೆ ಒಂದು ವರ್ಷದಲ್ಲಿ ಬಿಳಿ ಸೀಲಿಂಗ್ ಮೇಲೆ ಹಳದಿ ಕಲೆ ಗ್ಯಾರಂಟಿ. ಸಂದಿಗೆ ಗಿಡ್ಡ ರಿವೆಟ್, ಅದರ ಮೇಲೆ ಅಲ್ಯೂಮಿನಿಯಂ ಫಾಯಿಲ್ ಟೇಪ್. ಉದ್ದ ಸ್ಕ್ರೂ ಬೇಡ, ಒಳಗೆ ಚಾಚಿದ ತುದಿಗೆ ಜಿಡ್ಡು ಅಂಟುತ್ತದೆ. ಪಾರ್ಸೆಲ್‌ಗೆ ಹಾಕುವ ಕಂದು ಟೇಪ್ ಬಿಸಿಗೆ ಬಿಟ್ಟುಕೊಳ್ಳುತ್ತದೆ.

14 ಅಡಿ ಉದ್ದಕ್ಕೆ ಹೊರಗಡೆಗೆ ಅರ್ಧ ಇಂಚು ಇಳಿಜಾರು ಕೊಟ್ಟೆವು. ಗಾರೆ ಕೆಲಸದವರ ನೀರು ತುಂಬಿದ ಲೆವೆಲ್ ಟ್ಯೂಬ್‌ನಲ್ಲಿ ಎರಡು ತುದಿಗೂ ಹಿಡಿದು ನೋಡಿದೆವು. ಡಕ್ಟ್‌ನ ಭಾರ ಫಾಲ್ಸ್ ಸೀಲಿಂಗ್ ಮೇಲೆ ಬೀಳಬಾರದು. ಮೌಲ್ಡ್‌ಗೆ ಆಂಕರ್ ಹೊಡೆದು, ನಾಲ್ಕು ಅಡಿಗೊಂದು ಜಿಐ ಪಟ್ಟಿಯಲ್ಲಿ ತೊಟ್ಟಿಲಿನಂತೆ ಹಿಡಿಸಿ. 11 ಇಂಚು ಅಗಲದ ಡಕ್ಟ್ ಹೋಗುವ ದಾರಿಯಲ್ಲಿ ಸೀಲಿಂಗ್ ಅನ್ನು ಹಿಡಿದ ಎರಡು ತೂಗುಪಟ್ಟಿಗಳು ಅಡ್ಡ ಬಂದವು. ಅವನ್ನು ಸುಮ್ನೆ ಕತ್ತರಿಸಿ ಬಿಡಬಾರದು. ಮೊದಲು ಪಕ್ಕದಲ್ಲಿ ಹೊಸದು ಹಾಕಿಸಿ, ಆಮೇಲೆ ಹಳೆಯದನ್ನು ತೆಗೆಯಿರಿ.

ಬೀಮ್ ದಾಟಿದ ಮೇಲೆ, ಡಕ್ಟ್‌ನ ತಳದಲ್ಲಿ 8 ಇಂಚಿನ ಚೌಕ ಮುಚ್ಚಳ ಮಾಡಿಸಿದೆ. ಅದರ ನೇರ ಕೆಳಗೆ ಬೋರ್ಡ್‌ನಲ್ಲೂ ಒಂದು ತೆರೆಯುವ ಬಾಗಿಲು. ಸೀಲಿಂಗ್ ಕೆಲಸದ ಹುಡುಗ "ಅಂದ ಕೆಡುತ್ತೆ ಮೇಡಂ" ಎಂದ. ಬಣ್ಣ ಹೊಡೆದ ಮೇಲೆ ಹುಡುಕಿದರೂ ಕಾಣುವುದಿಲ್ಲ. ದಯವಿಟ್ಟು ಇದನ್ನು ಬಿಡಬೇಡಿ.

ಗೋಡೆಯ ತೂತು

ಹೊಸ ತೂತಿಗೆ ಗೋಡೆಯನ್ನು ಗುಂಡಗೆ ಕೊರೆಯುವ ಕೋರ್ ಕಟಿಂಗ್ ಮೆಷಿನ್‌ನವರನ್ನೇ ಕರೆಸಿ. ಸುತ್ತಿಗೆ ಉಳಿಯಲ್ಲಿ ಒಡೆದರೆ 9 ಇಂಚಿನ ಇಟ್ಟಿಗೆ ಗೋಡೆ ಹೊರಗಡೆ ಬುಟ್ಟಿಯಷ್ಟು ಉದುರುತ್ತದೆ. ಕೊರೆಯುವ ಮೊದಲು ಅಲ್ಲಿ ಕಂಬ, ಬೀಮ್, ಲಿಂಟಲ್ ಇಲ್ಲವೆಂದು ಖಚಿತ ಮಾಡಿಕೊಳ್ಳಿ. ನಮ್ಮ ಮೂಲೆ ಕಂಬ ಗೋಡೆಯ ಉದ್ದಕ್ಕೆ 12 ಇಂಚು ಇದೆ. ತೂತಿನ ಅಂಚು 16 ಇಂಚಿಗೆ ಶುರು, ಹಾಗಾಗಿ ಧೈರ್ಯವಾಗಿ ಕೊರೆಸಿದೆವು. ತೂತು ಹೊರಗಡೆಗೆ ಸ್ವಲ್ಪ ಇಳಿಜಾರಿರಲಿ.

ಪಶ್ಚಿಮದ ಗೋಡೆಗೆ ಮುಂಗಾರಿನ ಗಾಳಿ ಎದುರಿಗೇ ಬೀಸುತ್ತದೆ. ಹೊರಗೆ ಕೆಳಮುಖದ ಮುಚ್ಚಿಗೆ ಹಾಕಿ, ಒಳಗೆ ತಾನಾಗಿ ಮುಚ್ಚಿಕೊಳ್ಳುವ ರೆಕ್ಕೆ ಇರಲಿ. ಸಾಧ್ಯವಾದರೆ ಸಜ್ಜಾ ಕೆಳಗೆ ಬರುವಂತೆ ನೋಡಿ. ಅಳಿಲು ಗೂಡು ಕಟ್ಟದಂತೆ ಜಾಲರಿ ಬೇಕು, ಆದರೆ ಸೊಳ್ಳೆ ಜಾಲರಿ ಹಾಕಬೇಡಿ. ಒಂದೇ ತಿಂಗಳಿಗೆ ಜಿಡ್ಡು ಕಟ್ಟಿ ಮುಚ್ಚಿಹೋಗುತ್ತದೆ. ಅರ್ಧ ಇಂಚು ಕಣ್ಣಿನ ಜಾಲರಿ ಸಾಕು. ಹಳೆಯ ತೂತನ್ನು ಇಟ್ಟಿಗೆ, ಸಿಮೆಂಟಿನಲ್ಲಿ ಮುಚ್ಚಿಸಿ ನೀರು ಹಾಕಿ.

ವೈರಿಂಗ್

ಇದನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಆದರೆ ಒಂದು ವಿಷಯ ನೀವೇ ನಿಂತು ನೋಡಬೇಕು. ಮೇನ್ ಆಫ್ ಮಾಡಿದ ಮಾತ್ರಕ್ಕೆ ಲೈಟಿನ ವೈರ್ ಸತ್ತಿರುವುದಿಲ್ಲ. ನಮ್ಮ ಕಡೆ ಬಹಳ ಮನೆಗಳಲ್ಲಿ ಲೈಟ್, ಫ್ಯಾನ್ ಇರುವುದು ಇನ್ವರ್ಟರ್ ಲೈನ್‌ನಲ್ಲಿ. ಕರೆಂಟ್ ಹೋಯಿತು ಎಂದುಕೊಂಡು ಇನ್ವರ್ಟರ್ ಆ ವೈರಿಗೆ 230 ವೋಲ್ಟ್ ಕೊಡುತ್ತಲೇ ಇರುತ್ತದೆ. ಆ ಲೈನಿನ ಎಂಸಿಬಿ (ತಾನಾಗಿ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ, ಇನ್ವರ್ಟರ್ ಕೂಡ ಆಫ್ ಮಾಡಿ, ಆಮೇಲೆ ಟೆಸ್ಟರ್ ಇಟ್ಟು ನೋಡಿ. ಟೆಸ್ಟರ್ ಕೆಲಸ ಮಾಡುತ್ತಿದೆಯೇ ಎಂದು ಮೊದಲು ಜೀವ ಇರುವ ಪ್ಲಗ್‌ನಲ್ಲಿ ಪರೀಕ್ಷಿಸಿ.

ವೈರ್ ಡಕ್ಟ್ ಮೇಲೆ ಮಲಗಬಾರದು. ಪಿವಿಸಿ ಪೈಪಿನೊಳಗೆ, ಡಕ್ಟ್‌ನಿಂದ ದೂರ ಹೋಗಲಿ. ಜಾಯಿಂಟ್‌ಗಳು ಪೆಟ್ಟಿಗೆಯೊಳಗಿರಲಿ, ಟೇಪ್ ಸುತ್ತಿ ನೇತುಬಿಟ್ಟದ್ದನ್ನು ಒಪ್ಪಬೇಡಿ. ಎರಡು ಸಾಲಿಗೆ ಎರಡು ಸ್ವಿಚ್ ಕೊಡಿಸಿದರೆ ರಾತ್ರಿ ನೀರು ಕುಡಿಯಲು ಬಂದವರು ಆರೂ ಲೈಟ್ ಹಾಕಬೇಕಾಗಿಲ್ಲ.

ತೂತಿನ ಅಳತೆ ಲೈಟ್‌ನ ಡಬ್ಬಿಯ ಮೇಲೆ ಬರೆದಿರುತ್ತದೆ. ಲೈಟ್‌ನ ಮುಖದ ಅಳತೆ ನೋಡಿ ಕೊರೆಯಬೇಡಿ, ಲೈಟೇ ಮೇಲಕ್ಕೆ ಹೋಗಿಬಿಡುತ್ತದೆ. ಮೊದಲು ಒಂದು ಹಳೆಯ ಬೋರ್ಡ್ ತುಂಡಿನಲ್ಲಿ ಕೊರೆದು ನೋಡಿ.

ನಾವು 12 ವ್ಯಾಟ್‌ನ ಆರು ಹಾಕಿದೆವು, ಒಟ್ಟು 72 ವ್ಯಾಟ್. 154 ಚದರ ಅಡಿಗೆ ಧಾರಾಳವಾಯಿತು. ಬಣ್ಣದ ವಿಷಯದಲ್ಲಿ ಮನೆಯಲ್ಲಿ ಚರ್ಚೆ ನಡೆಯಿತು. ಬೆಳಕಿನ ಬಣ್ಣ ಹೇಳುವುದು ಕೆಲ್ವಿನ್‌ನಲ್ಲಿ, ಅಂಕಿ ಕಡಿಮೆಯಾದಷ್ಟೂ ಹಳದಿ. ಮಗನಿಗೆ 6500 ಕೆಲ್ವಿನ್‌ನ ಬಿಳಿ ಬೇಕಿತ್ತು. ನನಗೆ ಅದು ಆಸ್ಪತ್ರೆ ಬೆಳಕು. ಭಾನುವಾರ ಸಂಜೆ ಅರಮನೆಯ ಸುಮಾರು 97 ಸಾವಿರ ಬಲ್ಬ್ ಹತ್ತಿದಾಗ ಬರುವ ಆ ಬಂಗಾರದ ಹಳದಿ ನೋಡಿ ಬೆಳೆದವಳು ನಾನು. ಊಟದ ಮೇಜಿಗೆ ಅದೇ ಚೆಂದ. ಕೊನೆಗೆ ಐದು ಲೈಟ್ 3000 ಕೆಲ್ವಿನ್, ಅತ್ತೆಯ ಕುರ್ಚಿಯ ಮುಂದೆ ಬರುವ ಒಂದು ಮಾತ್ರ 4000. ಡಬ್ಬಿಯ ಮೇಲೆ ಸಿಆರ್‌ಐ 90 ಇದ್ದದ್ದನ್ನೇ ತಂದೆವು. ಆ ಅಂಕಿ ಹೆಚ್ಚಿದ್ದಷ್ಟೂ ವಸ್ತುಗಳ ನಿಜವಾದ ಬಣ್ಣ ಕಾಣುತ್ತದೆ. ಅಕ್ಕಿಗೂ ಬಿಳಿ ಕಲ್ಲಿಗೂ ಇರುವ ವ್ಯತ್ಯಾಸ ಅಷ್ಟರಲ್ಲೇ ಇರುವುದು.

ಎಸಿ ಡಕ್ಟ್ ಇದ್ದರೆ

ಮಂಡ್ಯದಲ್ಲಿ ನನ್ನ ತಂಗಿಯ ಮನೆಯ ಹಾಲ್‌ನಲ್ಲಿ ಡಕ್ಟ್ ಎಸಿ ಇದೆ. ಅವಳಿಗೂ ಇದೇ ಸಲಹೆ ಕೊಟ್ಟೆ. ಅಲ್ಲಿ ಹೆಚ್ಚಿನ ಎಚ್ಚರ ಎರಡು. ಮೊದಲನೆಯದು, ತಣ್ಣನೆ ಡಕ್ಟ್‌ನ ಮೇಲಿನ ಫೋಮ್ ಹೊದಿಕೆ ಎಲ್ಲೂ ಹರಿಯಬಾರದು, ಅದುಮಬಾರದು. ಹರಿದ ಕಡೆ ನೀರು ಬೆವೆತು ಬೋರ್ಡ್ ಮೇಲೆ ತೊಟ್ಟಿಕ್ಕುತ್ತದೆ, ಕೆಳಗೆ ಲೈಟ್ ಇದ್ದರೆ ಡ್ರೈವರ್ ಒಳಗೇ ಇಳಿಯುತ್ತದೆ. ಲೈಟ್‌ನ ಬಿಸಿ ಬೆನ್ನೂ ಫೋಮ್‌ಗೆ ತಾಗಬಾರದು. ಎರಡನೆಯದು, ನೀರು ಹೋಗುವ ಡ್ರೈನ್ ಪೈಪ್ ಎಲ್ಲೂ ಮೇಲೇರಬಾರದು. ಡಕ್ಟ್ ಸರಿಸುವವರು ಆ ಪೈಪನ್ನೂ ಎತ್ತಿ ಕಟ್ಟಿಬಿಡುತ್ತಾರೆ. ತಾಮ್ರದ ಪೈಪ್ ಸರಿಸಬೇಕಾದರೆ ಎಸಿ ಮೆಕ್ಯಾನಿಕ್ ಬಂದು ಗ್ಯಾಸ್ ಹಿಡಿದಿಟ್ಟುಕೊಂಡೇ ಮಾಡಬೇಕು.

ಮುಚ್ಚುವ ಮೊದಲು

ಬೋರ್ಡ್ ಹಾಕುವ ಆತುರ ಎಲ್ಲರಿಗೂ ಇರುತ್ತದೆ. ಅರ್ಧ ದಿನ ತಡೆಯಿರಿ. ಚಿಮ್ನಿಯನ್ನು ಜೋರಾಗಿ ಹಾಕಿ, ಒಂದು ಊದುಬತ್ತಿ ಹಚ್ಚಿ ಪ್ರತಿ ಸಂದಿಯ ಹತ್ತಿರ ಹಿಡಿಯಿರಿ. ಮೋಟಾರ್ ದಾಟಿದ ಮೇಲೆ ಗಾಳಿ ಹೊರಕ್ಕೆ ತಳ್ಳುತ್ತಿರುತ್ತದೆ, ಸಂದಿ ಸೋರುತ್ತಿದ್ದರೆ ಊದುಬತ್ತಿಯ ಹೊಗೆ ಪಕ್ಕಕ್ಕೆ ಹಾರುತ್ತದೆ. ನಮ್ಮಲ್ಲಿ ಮೂರನೆಯ ಸಂದಿ ಸೋರುತ್ತಿತ್ತು, ಇನ್ನೊಂದು ಸುತ್ತು ಟೇಪ್ ಹಾಕಿದೆವು. ಹೊರಗೆ ಹೋಗಿ ಮುಚ್ಚಿಗೆಯ ರೆಕ್ಕೆ ಪೂರ್ತಿ ತೆರೆಯುತ್ತಿದೆಯೇ ನೋಡಿ.

ಆಮೇಲೆ ನಿಜವಾದ ಪರೀಕ್ಷೆ. ನಾಲ್ಕು ಬ್ಯಾಡಗಿ, ಎರಡು ಗುಂಟೂರು, ಸಾಸಿವೆ, ಇಂಗು ಹಾಕಿ ಒಗ್ಗರಣೆ ಕೊಟ್ಟೆ. ಅತ್ತೆಯನ್ನು ಹಾಲ್‌ನಲ್ಲಿ ಕೂರಿಸಿದ್ದೆ. "ಒಗ್ಗರಣೆ ಹಾಕಿದ್ಯೇನೇ?" ಎಂದು ಕೇಳಿದರು. ಚಟಪಟ ಸದ್ದು ಕೇಳಿ ಕೇಳಿದ್ದು, ಘಾಟು ಬಂದಿರಲಿಲ್ಲ.

ತೆರೆದಿರುವಾಗಲೇ ಫೋಟೋ ತೆಗೆದಿಡಿ. ಅಳತೆ ಟೇಪನ್ನು ಗೋಡೆಯಿಂದ ಡಕ್ಟ್‌ವರೆಗೆ ಹಿಡಿದು, ಅಂಕಿ ಕಾಣುವಂತೆ ತೆಗೆಯಿರಿ. ನಾನು ಒಂದು ಚಿಕ್ಕ ಪ್ಲ್ಯಾನ್ ಬರೆದು ಎಂಸಿಬಿಗಳಿರುವ ಡಿಬಿ ಬಾಕ್ಸ್ ಬಾಗಿಲಿನ ಒಳಗಡೆ ಅಂಟಿಸಿದ್ದೇನೆ. ನಾಳೆ ಯಾರಾದರೂ ಪರದೆ ಕಂಬಿಗೆ ಡ್ರಿಲ್ ಹಾಕಲು ಬಂದರೆ ಅದನ್ನು ನೋಡಿ ಹಾಕುತ್ತಾರೆ.

ಬೋರ್ಡ್ ಹಾಕಿ, ಸಂದಿಗೆ ಕಾಗದದ ಟೇಪ್, ಸಂದಿ ತುಂಬುವ ಪುಟ್ಟಿಯಂಥ ಕಾಂಪೌಂಡ್ ಎರಡು ಕೋಟ್, ಒಣಗಿದ ಮೇಲೆ ಉಜ್ಜಿ ಪ್ರೈಮರ್, ಬಣ್ಣ. ನಮ್ಮಲ್ಲಿ ಬಿಚ್ಚಿದ ದಿನದಿಂದ ಬಣ್ಣದವರೆಗೆ ಎಂಟು ದಿನ ಹಿಡಿಯಿತು. ಮಳೆಗಾಲದಲ್ಲಿ ಕಾಂಪೌಂಡ್ ಒಣಗುವುದು ನಿಧಾನ, ಒತ್ತಾಯ ಮಾಡಬೇಡಿ.

ಡಕ್ಟ್‌ನ ಮುಚ್ಚಳ ತೆಗೆದು ಒರೆಸುವುದನ್ನು ವರ್ಷಕ್ಕೆ ಎರಡು ಸಲ ಇಟ್ಟುಕೊಂಡಿದ್ದೇವೆ. ಯುಗಾದಿಗೆ ಮುಂಚೆ ಒಮ್ಮೆ, ಆಯುಧಪೂಜೆಗೆ ಮುಂಚೆ ಒಮ್ಮೆ. ಬಿಸಿ ನೀರು, ಪಾತ್ರೆ ತೊಳೆಯುವ ಸೋಪು, ಹಳೆಯ ಬನಿಯನ್ ಬಟ್ಟೆ. ಮೊದಲ ಸಲ ತೆಗೆದಾಗ ಬೀಮ್ ಕಡೆ ತೆಳುವಾದ ಜಿಡ್ಡಿನ ಪದರ ಇತ್ತು, ಹೊರಗಿನ ತುದಿಯಲ್ಲಿ ಒಂದು ಚಮಚದಷ್ಟು. ಬೋರ್ಡ್ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.